ಅರ್ಧಕ್ಕೆ ನಿಂತ ಗೋಲ್‌ಕೀಪರ್

"ಲೇ ಗುಡದ್ಯಾ, ಮುಂದ ಬಾರಲೇ!"

ಕೂಗಿದ್ದು ಜಹೀರುದ್ದೀನ. ಗೋಲು ಕಾಯುತ್ತಿದ್ದ ಗುಡದಪ್ಪ ಮುಂದಕ್ಕೆ ನುಗ್ಗಿದ, ನಡುವೆಯೇ ನಿಂತ. ಚೆಂಡು ಅವನ ತಲೆಯ ಮೇಲೆ ಹಾದು ಗೋಲಿನೊಳಗೆ ಬಿತ್ತು. ಸಂಶಿ ಕಾಲೇಜಿನ ಹುಡುಗರು ಕುಣಿದರು.

ಹೊಳೆಪ್ಪ ಗೆರೆಯ ಹೊರಗೆ, ಜಹೀರುದ್ದೀನನ ಪಕ್ಕದಲ್ಲೇ ನಿಂತಿದ್ದ. ಜಹೀರುದ್ದೀನ ಅಂಗೈಯಿಂದ ಬಾಯಿ ಮುಚ್ಚಿಕೊಂಡದ್ದನ್ನು ಅವನೊಬ್ಬನೇ ಕಂಡ. ತನ್ನ ತಂಡಕ್ಕೆ ಗೋಲು ಸಿಕ್ಕವನ ಮುಖ ಅದಾಗಿರಲಿಲ್ಲ.

ಒಂಬತ್ತು ವರ್ಷ ಜಹೀರುದ್ದೀನ ಈ ಎರೆಮಣ್ಣಿನ ಮೈದಾನದಲ್ಲಿ ಗುಡದಪ್ಪನ ಕಾಲೇಜಿನ ಹುಡುಗರಿಗೇ ಫುಟ್‌ಬಾಲ್ ಕಲಿಸಿದ್ದ. ಒಂಬತ್ತು ವರ್ಷವೂ ಹಂಗಾಮಿ. ಈ ಜೂನಿನಲ್ಲಿ ಸಂಶಿಯವರು ಕರೆದರು. ಒಂದು ವರ್ಷ ನೋಡಿ ಕಾಯಂ ಮಾಡುತ್ತೇವೆಂದರು. ಹೋದ. ಅದು ದ್ರೋಹ ಎಂದರು ಇಲ್ಲಿನ ಆಡಳಿತ ಮಂಡಳಿಯ ಅಧ್ಯಕ್ಷ ಈರಬಸಪ್ಪನವರು. ಕ್ರೀಡಾ ಸಮಿತಿಯ ಮುಖ್ಯಸ್ಥ ಹೊಳೆಪ್ಪ ತಲೆಯಾಡಿಸಿದ್ದ. ಇತಿಹಾಸದ ಅಧ್ಯಾಪಕನಾದ ಅವನು ಹುಟ್ಟಿದಾಗಿನಿಂದ ಚೆಂಡು ಒದ್ದವನಲ್ಲ. ಧಾರವಾಡದ ಕಾಲೇಜುಗಳಿಗೆ ಅವನೂ ಅರ್ಜಿ ಹಾಕಿದ್ದ. ಯಾರೂ ಕರೆಯಲಿಲ್ಲ. ಹೀಗಾಗಿ ಅವನು ನಿಷ್ಠಾವಂತನಾಗಿ ಉಳಿದಿದ್ದ.

ಆ ಒಂದು ಗೋಲಿನಿಂದಲೇ ಆಟ ಹೋಯಿತು.

ಪ್ರಿನ್ಸಿಪಾಲರ ಕೋಣೆಯಲ್ಲಿ ಚಹಾ ಬಂತು. ಈರಬಸಪ್ಪನವರು ಜಹೀರುದ್ದೀನನನ್ನು ಕರೆಸಿದ್ದರು. ಕೂಡ್ರು ಎನ್ನಲಿಲ್ಲ.

"ಏನ್ ಜಹೀರ, ನಮ್ಮ ಹುಡುಗನ್ನ ಮೋಸ ಮಾಡಿ ಮುಂದ ಕರದಿ?"

"ಇಲ್ರೀ ಸಾಹೇಬ್ರ. ಬಾಯಾಗ ತಾನ ಬಂತ್ರಿ. ಯಾವ ಟೀಮ್ ಅನ್ನೂದ ಮರತಿದ್ದೆ."

"ಬರೋಬ್ಬರಿ ಗೋಲ್ ಹೊತ್ತಿಗೇ ಮರತಿ?"

ಈರಬಸಪ್ಪನವರು ಹೊಳೆಪ್ಪನ ಕಡೆ ತಿರುಗಿದರು.

"ನೀವು ಬಾಜೂಕ ಇದ್ರಿ. ಹೇಳ್ರಿ. ಬೇಕಂತ ಕೂಗಿದ್ರ ಸಂಶಿಯವರಿಗೆ ಇವತ್ತ ತಕರಾರು ಹೇಳೂಣು. ಅಂಥಾ ಮನಷಾನ್ನ ಯಾರು ಕಾಯಂ ಮಾಡ್ತಾರ?"

ಹೊಳೆಪ್ಪನಿಗೆ ಆ ಅಂಗೈ ನೆನಪಾಯಿತು. ಅದರ ಜೊತೆಗೇ ಗುಡದಪ್ಪನ ಕಾಲುಗಳೂ. ತರಗತಿಯಲ್ಲಿ ಕೊನೆಯ ಬೆಂಚಿನ ಮೇಲೆ ಆಕಳಿಸುವ ಹುಡುಗ, ಊರು ಬಿಟ್ಟು ಹೋದವನ ಒಂದು ಕೂಗಿಗೆ ಹಾಗೆ ನುಗ್ಗಿದ್ದ. ಇಷ್ಟು ವರ್ಷ ಮಾತಾಡಿಯೇ ಸಂಬಳ ಎಣಿಸಿದ ತನ್ನ ದನಿಗೆ ಯಾರ ಕಾಲೂ ಅಲ್ಲಾಡಿದ್ದಿಲ್ಲ.

"ನನಗ ಸರಿಯಾಗಿ ಹೇಳಾಕ ಬರೂದಿಲ್ರಿ."

"ಅಂದ್ರ ಬೇಕಂತ ಇರಬಹುದು."

"ಇರಬಹುದ್ರಿ."

ಜಹೀರುದ್ದೀನ ಅವನನ್ನು ನೋಡಿದ. ಸಿಟ್ಟಿನಿಂದಲ್ಲ, ಸುಲಭದ ಚೆಂಡು ಬಿಟ್ಟ ಹುಡುಗನನ್ನು ನೋಡುವ ಹಾಗೆ.

"ಆತ್ ಬಿಡ್ರಿ ಸರ್," ಎಂದು ಹೊರಗೆ ನಡೆದ.

ಈರಬಸಪ್ಪನವರು ಸಂಶಿಗೆ ಹೋಗಲೆಂದು ಎದ್ದರು. ಹೊಳೆಪ್ಪ ವರಾಂಡಕ್ಕೆ ಬಂದಾಗ ಗುಡದಪ್ಪ ಕಂಬಕ್ಕೆ ಆತು ನಿಂತಿದ್ದ. ಮೊಣಕಾಲಿಗೆ ಕೆಸರು.

"ಸರ್, ಜಹೀರ್ ಸರ್ ಕೂಗಿದ್ದು ಖರೇನ ಇತ್ರಿ. ಆಗ ಮುಂದನ ಹೋಗಬೇಕು. ಹೋಗಿದ್ರ ಚೆಂಡು ನನ್ನ ಕೈಯಾಗ ಇರ್ತಿತ್ತು."

"ಮತ್ತ ಯಾಕ ನಿಂತಿ?"

ಹುಡುಗ ಕಾಲಿನ ಕೆಸರು ಕೆರೆದ.

"ನಡುವ ನೆನಪಾತ್ರಿ, ಅವರೀಗ ಆಚೀ ಕಡೆಯವ್ರು ಅಂತ."

ಹೊಳೆಪ್ಪ ರಸ್ತೆಯ ಕಡೆ ನೋಡಿದ.

"ಅಧ್ಯಕ್ಷರಿಗೆ ನೀವ ಹೇಳ್ರಿ ಸರ್. ನಾ ಹೇಳಿದ್ರ ನಂಬೂದಿಲ್ಲ."

"ಹೂಂ."

ಮೈದಾನದಾಚೆಯ ರಸ್ತೆಯಲ್ಲಿ ಅಧ್ಯಕ್ಷರ ಜೀಪು ಶುರುವಾಗಿತ್ತು. ಹೊಳೆಪ್ಪ ಮೈದಾನಕ್ಕೆ ಅಡ್ಡ ಹಾಯ್ದು ನಡೆದ, ಓಡಲಿಲ್ಲ. ಚಪ್ಪಲಿಗೆ ಎರೆಮಣ್ಣು ಮೆತ್ತಿ ಭಾರವಾಯಿತು. ನಡುವೆ ಬಂದಾಗ ಜೀಪು ಕದಲಿತು. ಅವನು ಕೈ ಎತ್ತಿದ. ಒಳಗಿನಿಂದ ಈರಬಸಪ್ಪನವರೂ ಕೈ ಎತ್ತಿದರು, ನಮಸ್ಕಾರವೆಂದುಕೊಂಡು.

ಆಳುಗಳು ಗೋಲಿನ ಬಿದಿರುಗಳನ್ನು ಆಗಲೇ ಕಿತ್ತು ಹೊತ್ತೊಯ್ದಿದ್ದರು. ಎಮ್ಮೆಗಳನ್ನು ಹೊಡೆದುಕೊಂಡು ಬಂದ ಮುದುಕಿಯೊಬ್ಬಳು ಮೈದಾನದ ಅಂಚಿನಲ್ಲಿ ನಿಂತಳು.

"ಆಟ ಮುಗೀತೇನ್ರಿ? ಯಾವ ಕಡೆ ಬಿಡ್ಲಿ?"

ಹೊಳೆಪ್ಪ ಒಂದು ಕಡೆ ನೋಡಿದ. ತಿರುಗಿ ಇನ್ನೊಂದು ಕಡೆ ನೋಡಿದ. ಬಿದಿರು ಕಿತ್ತ ಕುಣಿಗಳಲ್ಲಿ ನೀರು ಒಸರುತ್ತಿತ್ತು. ಎರಡೂ ಕಡೆ ಅದೇ ಕರಿ ನೆಲ. ಎಮ್ಮೆಗಳು ಕಾಯಲಿಲ್ಲ, ಅವನನ್ನು ನಡುವೆ ಬಿಟ್ಟು ಎರಡೂ ಬದಿಯಿಂದ ಹಾದು ಹೋಗತೊಡಗಿದವು.