ಗಾಳಿ ಬೀಸುವ ಕಡೆ

"ಕಣ್ಣು ಮುಖದ ಮೇಲಿದ್ಯೋ ಬೆನ್ನ ಮೇಲಿದ್ಯೋ ನಿನಗೆ? ನೋಡು, ಇದರ ಮೇಲೆ ದೊಡ್ಡೋರು ಮಲಗಬೇಕಾ, ನಾಯಿ ಮಲಗಬೇಕಾ?"

ಗೆಸ್ಟ್‌ಹೌಸಿನ ಮ್ಯಾನೇಜರ್ ಎಸೆದ ಬೆಡ್‌ಶೀಟು ನೀಲಿ ಅಜ್ಜಿಯ ತಲೆಯ ಮೇಲೆ ಬಿದ್ದು ಮೊಣಕಾಲಿನವರೆಗೆ ಇಳಿಯಿತು. ಮುಸುಕು ತೆಗೆದು ನೋಡಿದಳು. ಅಂಚಿನಲ್ಲಿ ಎಳ್ಳು ಚೆಲ್ಲಿದ ಹಾಗೆ ಕರಿ ಚುಕ್ಕಿಗಳು.

ಒಗೆದದ್ದರಲ್ಲಿ ತಪ್ಪಿರಲಿಲ್ಲ. ಬಟ್ಟೆಗೆ ನೀಲಿ ಹಾಕಿ ಹಾಕಿ ಬೆರಳು ನೀಲಿಗಟ್ಟಿದ್ದಕ್ಕೇ ಜನ ಅವಳ ನಿಜವಾದ ಹೆಸರು ಮರೆತು ನೀಲಿ ಅಜ್ಜಿ ಎನ್ನುತ್ತಿದ್ದರು. ತೊಂದರೆ ಇದ್ದದ್ದು ಒಣಗಿಸುವಲ್ಲಿ. ಉಕ್ಕಿನ ಕಾರ್ಖಾನೆಯ ಚಿಮಣಿ ಉಗುಳುವ ಮಸಿಯೆಲ್ಲ ಬಂದು ಬೀಳುವುದು ಅವಳ ಕೇರಿಯ ಮೇಲೆ.

"ಮಸಿ ಮೇಲಿಂದ ಬೀಳುತ್ತೆ, ನಾನೇನ್ ಮಾಡ್ಲಿ ಸ್ವಾಮಿ? ಇಲ್ಲೇ ಹಿಂದ್ಗಡೆ ಒಂದು ಹಗ್ಗ ಕಟ್ಕೋತೀನಿ. ಇಲ್ಲಿ ಒಂದು ಚೂರೂ ಮಸಿ ಇಲ್ಲ."

"ಇವತ್ತು ಹಗ್ಗ ಕಟ್ತೀಯ, ನಾಳೆ ನಿನ್ನ ಲಂಗಾನೂ ನೇತಾಕ್ತೀಯ. ಎರಡನೇ ಕುಲುಮೆಗೆ ಜಾಗ ನೋಡೋಕೆ ರಾಜಧಾನಿಯಿಂದ ಅಧಿಕಾರಿಗಳು ಬರ್ತಿದಾರೆ ಕಣೇ ಮುದುಕಿ. ಇನ್ನೊಂದು ಚುಕ್ಕಿ ಕಂಡ್ರೆ ಪೇಟೆಯ ಮಿಷಿನ್ ಲಾಂಡ್ರಿಗೆ ಕೊಟ್ಬಿಡ್ತೀನಿ. ಆಮೇಲೆ ನಿನ್ನ ಮನೆಮಂದಿಯೆಲ್ಲ ಆ ಮಸೀನೇ ನೆಕ್ಕಿ."

ಅಜ್ಜಿ ಮನಸ್ಸಿನಲ್ಲಿ ಅವನ ವಂಶವನ್ನೆಲ್ಲ ಜಾಲಾಡಿದಳು. ಬಾಯಲ್ಲಿ ಮಾತ್ರ "ಆಗ್ಲಿ ಸ್ವಾಮಿ" ಎಂದು ಗಂಟು ಹೊತ್ತಳು.

ಹಿಂದೆ ಹೊಳೆದಂಡೆ ಅವರದೇ ಆಗಿತ್ತು. ಒಗೆಯುವುದಕ್ಕೆ ಕಲ್ಲು, ಒಣಗಿಸುವುದಕ್ಕೆ ಬಿಸಿ ಮರಳು. ಕಾರ್ಖಾನೆಗೆ ನೀರು ಬೇಕಾಯಿತು, ದಂಡೆಗೆ ಬೇಲಿ ಬಂತು. ಕಾರ್ಖಾನೆ ಬಂದರೆ ಮನೆಗೊಂದು ನೌಕರಿ ಎಂದು ಮೈಕಿನಲ್ಲಿ ಕೂಗಿದವರು ಆಮೇಲೆ ಪತ್ತೆಯಿರಲಿಲ್ಲ. ಅಜ್ಜಿಯ ಮಗ ಎಲ್ಲೋ ದೂರದಲ್ಲಿ ಇನ್ನೊಂದು ಕಾರ್ಖಾನೆ ಕಟ್ಟುವ ಕಡೆ ಮಣ್ಣು ಹೊರಲು ಹೋಗಿದ್ದ. ಮನೆಯಲ್ಲಿ ಉಳಿದದ್ದು ಅಜ್ಜಿ, ಸೊಸೆ, ಸೊಸೆಯ ಎಳೆಗೂಸು. ಗೆಸ್ಟ್‌ಹೌಸಿನ ಬಟ್ಟೆಯೇ ಮೂವರ ಅನ್ನ.

ಮನೆ ಎಂದರೆ ತಗಡಿನ ಸೂರಿನ ಒಂದೇ ಕೋಣೆ. ಕೂಸಿಗೆ ಹುಟ್ಟಿದಾಗಿನಿಂದ ಎದೆ ಗೊರಗೊರ. ಕಿಟಕಿ ಸಂದಿಗೆ ಚಿಂದಿ ತುರುಕಿ, ಬಾಗಿಲು ಹಾಕಿ, ತೊಲೆಗೆ ಜೋಲಿ ಕಟ್ಟಿ ಅದನ್ನು ಮಲಗಿಸುತ್ತಿದ್ದರು. ಅಜ್ಜಿ ಬೆಡ್‌ಶೀಟುಗಳನ್ನು ಮತ್ತೆ ಒಗೆದು ತಂದಳು. ಜೋಲಿ ಬಿಚ್ಚಿ ಆ ತೊಲೆಗೇ ಹಗ್ಗ ಬಿಗಿದಳು. ಗೋಡೆಯಿಂದ ಗೋಡೆಗೆ ಒದ್ದೆ ಬಟ್ಟೆ ತುಂಬಿ, ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲದಾಯಿತು.

"ಬಟ್ಟೆ ಒಳಗೆ, ಮಗು ಹೊರಗಾ?" ಸೊಸೆ ಕೂಸನ್ನು ಎದೆಗವಚಿಕೊಂಡಳು. "ಅತ್ತೆ, ನಿಮಗೆ ತಲೆ ನೆಟ್ಟಗಿದ್ಯಾ?"

"ಕೆಲಸ ಹೋದ್ರೆ ನಿನ್ನ ಎದೇಲಿ ಹಾಲೆಲ್ಲಿಂದ ಬರುತ್ತೇ? ಇವತ್ತೊಂದಿನ ತಾನೇ. ಸೂರಿನ ಕೆಳಗೆ ಮಲಗಿಸು, ಮುಖದ ಮೇಲೆ ಬಟ್ಟೆ ಹೊದಿಸು."

"ಅದು ಉಸಿರು ಎಳಿಯೋದು ಕೇಳ್ಸಲ್ವಾ ನಿಮಗೆ? ಆ ಬೋಳಿಮಕ್ಕಳ ಹಾಸಿಗೆಗೆ ನನ್ನ ಮಗೂನ ಹೊರಗೆ ಹಾಕ್ಬೇಕಾ?"

ಅಜ್ಜಿ ಹೊರಗೆ ಸೂರಿನ ಕೆಳಗೆ ಚಾಪೆ ಹಾಸಿದಳು. ಕೇಳಿಸುತ್ತಿತ್ತು.

ಸಂಜೆಗೆ ಬೆಡ್‌ಶೀಟುಗಳಲ್ಲಿ ಹುಡುಕಿದರೂ ಒಂದು ಚುಕ್ಕಿ ಸಿಗಲಿಲ್ಲ. ಕೂಸಿನ ಮೂಗಿನ ಹೊಳ್ಳೆಯಲ್ಲಿ ಕಪ್ಪು ಕಟ್ಟಿತ್ತು, ಕತ್ತಿನ ಮಡಿಕೆಯಲ್ಲಿ ಮಸಿ ಕೂತಿತ್ತು. ಸೆರಗಿನ ಅಂಚು ಒದ್ದೆ ಮಾಡಿ ಒರೆಸುವಾಗ ಅಜ್ಜಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಬೆಳಿಗ್ಗೆ ಮ್ಯಾನೇಜರ್ ಬೆಡ್‌ಶೀಟಿನ ಮೇಲೆ ಅಂಗೈ ಆಡಿಸಿ ನಕ್ಕ. "ಹ್ಞಾಂ! ಬೈದ್ರೇನೇ ನಿಮಗೆ ಮೈ ಬಗ್ಗೋದು. ಹೋಗು, ಮಹಡಿ ಮೇಲಿನ ಮಂಚಕ್ಕೆ ಹಾಸು."

ಮಹಡಿಯ ಕೋಣೆಯ ಕಿಟಕಿಗಳೆಲ್ಲ ತೆರೆದಿದ್ದವು. ಆಚೆ ಬಾಲ್ಕನಿಯಲ್ಲಿ ರಾಜಧಾನಿಯಿಂದ ಬಂದ ಅಧಿಕಾರಿಗಳು ಟೀ ಕುಡಿಯುತ್ತಿದ್ದರು. ಕಾರ್ಖಾನೆಯ ದೊಡ್ಡ ಸಾಹೇಬ ಹೆಣ್ಣು ತೋರಿಸುವ ತಂದೆಯ ಹಾಗೆ ಹಿಗ್ಗಿ ಹಿಗ್ಗಿ ಹೇಳುತ್ತಿದ್ದ.

"ಜಾಗ ಅಂದ್ರೆ ಇದು ಸಾರ್. ಅದಿರು ಎದುರಿನ ಗುಡ್ಡದಲ್ಲಿ, ನೀರು ಹೊಳೇಲಿ, ಕಲ್ಲಿದ್ದಲಿನ ರೈಲು ಅಂಗಳಕ್ಕೇ ಬರುತ್ತೆ. ಕೂಲಿಗೆ ಜನಾನ ಹುಡುಕೋದೇ ಬೇಡ, ಅವರ ಹೊಲ ಎಲ್ಲ ನಾವೇ ತಗೊಂಡಿದೀವಲ್ಲ!" ಎಲ್ಲರೂ ನಕ್ಕರು. "ಮುಖ್ಯ ಅಂದ್ರೆ ಗಾಳಿ. ವರ್ಷಪೂರ್ತಿ ಆ ಕಡೆಗೇ ಬೀಸುತ್ತೆ. ನಮ್ಮ ಕಾಲೋನಿಗೆ ಹೊಗೆ ವಾಸನೇನೂ ಬರಲ್ಲ. ಎರಡನೇ ಚಿಮಣೀನೂ ಅಲ್ಲೇ ಪಕ್ಕದಲ್ಲಿ ಎಬ್ಬಿಸಬಹುದು."

"ಆ ಕಡೆ ಏನಿದೆ?" ಬಂದವರಲ್ಲಿ ಒಬ್ಬ ಕೇಳಿದ.

"ಆ ಕಡೆನಾ? ಏನೂ ಇಲ್ಲ."

ಅಜ್ಜಿ ದಿಂಬು ಹಿಡಿದುಕೊಂಡೇ ಕಿಟಕಿಗೆ ಬಂದಳು. ಹೊಗೆಯ ಅಡಿಯಲ್ಲಿ ತಗಡಿನ ಸೂರುಗಳು ಚೆನ್ನಾಗಿಯೇ ಕಾಣುತ್ತಿದ್ದವು. ತಡೆಯಲಾಗಲಿಲ್ಲ.

"ಅಲ್ಲಿ ನಾವಿದೀವಿ ಸ್ವಾಮಿ. ನನ್ನ ಮೊಮ್ಮಗಳಿದಾಳೆ."

ಒಬ್ಬ ಟೀ ಲೋಟದೊಳಗೆ ಇಣುಕಿದ. ದೊಡ್ಡ ಸಾಹೇಬ ಅವಳ ಕಡೆ ತಿರುಗಲೂ ಇಲ್ಲ. "ಮ್ಯಾನೇಜರ್, ಇಂಥವರನ್ನೆಲ್ಲ ಮೇಲೆ ಯಾಕ್ರೀ ಬಿಡ್ತೀರಿ?"

ಮ್ಯಾನೇಜರ್ ಅವಳ ರಟ್ಟೆ ಹಿಡಿದು ಮೆಟ್ಟಿಲಿಳಿಸಿದ. "ನಿನ್ನ ನಾಲಿಗೆಗೆ ಬೆಂಕಿ ಹಾಕ! ಉಳಿದ ಟವೆಲ್ಲು ತಂದು ಹಿಂಬಾಗಿಲಲ್ಲಿಟ್ಟು ತೊಲಗು. ನಾಳೆಯಿಂದ ನಿನ್ನ ಮುಖ ಕಾಣಬಾರದು."

ಮನೆಗೆ ಬಂದರೆ ಸೊಸೆ ಹೊಸ್ತಿಲಲ್ಲಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಅದರ ತುಟಿ ಅಜ್ಜಿಯ ಬೆರಳಿನ ಬಣ್ಣಕ್ಕೆ ತಿರುಗಿತ್ತು. ಪ್ರತಿ ಉಸಿರಿಗೂ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು.

"ಕಾರ್ಖಾನೆ ಆಸ್ಪತ್ರೆಗೆ ಹೋಗಿದ್ದೆ ಅತ್ತೆ. ನೌಕರರಿಗೆ ಮಾತ್ರ ಅಂತ ಒಳಗೆ ಬಿಡ್ಲಿಲ್ಲ. ಗೇಟಲ್ಲೇ ಕಾಂಪೌಂಡರ್ ನೋಡ್ದ. ಒಳ್ಳೆ ಗಾಳಿ ಇರೋ ಕಡೆ ಇಟ್ಕೊಳ್ಳಿ ಅಂದ." ಸೊಸೆ ಕೂಸಿನ ಎದೆ ನೀವಿದಳು. "ಒಳ್ಳೆ ಗಾಳಿ ಎಲ್ಲಿಂದ ತರ್ಲಿ ನಾನು?"

ಒಳ್ಳೆ ಗಾಳಿ ಎಲ್ಲಿದೆ ಎಂಬುದನ್ನು ಅಜ್ಜಿ ಈಗ ತಾನೇ ಕಿವಿಯಾರೆ ಕೇಳಿ ಬಂದಿದ್ದಳು.

"ಕೊಡಿಲ್ಲಿ ಮಗೂನ" ಎಂದಳು. "ನೀನು ಆಸ್ಪತ್ರೆ ಗೇಟಿಗೆ ಮತ್ತೆ ಹೋಗು. ಯಾರಾದ್ರೂ ಡಾಕ್ಟರು ಹೊರಗೆ ಬಂದ್ರೆ ಕಾಲು ಹಿಡಿ, ಗೆಸ್ಟ್‌ಹೌಸಿಗೆ ಕರ್ಕೊಂಡು ಬಾ. ಬರ್ದಿದ್ರೆ ಕೇರಿಯೋರನ್ನ ಕರ್ಕೊಂಡು ಬಾ."

ಬುಟ್ಟಿಯಲ್ಲಿ ಕೂಸನ್ನು ಮಲಗಿಸಿ, ಮೇಲೆ ಟವೆಲ್ಲು ಸಡಿಲವಾಗಿ ಹರಡಿ, ಹಿಂಬಾಗಿಲಿನಿಂದ ಒಳಗೆ ಹೋದಳು. ಅಧಿಕಾರಿಗಳು ಜಾಗ ನೋಡಲು ಹೋಗಿದ್ದರು. ಅಡುಗೆಯವನು ಬುಟ್ಟಿ ಕಂಡು ದಾರಿ ಬಿಟ್ಟ. ಮಹಡಿ ಹತ್ತಿ, ಕೋಣೆಯ ಬಾಗಿಲು ಹಾಕಿ ಚಿಲಕ ಜಡಿದಳು. ಬಿಳಿ ಬೆಡ್‌ಶೀಟಿನ ನಟ್ಟನಡುವೆ ಕೂಸನ್ನು ಮಲಗಿಸಿದಳು. ಅದು ಹೊರಳಿದ ಕಡೆಯೆಲ್ಲ ಮಸಿ ಹತ್ತಿತು. ಕಿಟಕಿಯಿಂದ ತಣ್ಣಗೆ ಗಾಳಿ ಬರುತ್ತಿತ್ತು.

ಮ್ಯಾನೇಜರ್ ಬಾಗಿಲು ಗುದ್ದಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

"ಬಾಗಿಲು ತೆಗಿಯೇ ಮುದಿ ಬೋಳಿ! ಸಾಹೇಬ್ರು ವಾಪಸ್ ಬರ್ತಿದಾರೆ. ಪೊಲೀಸ್ನೋರನ್ನ ಕರೀತೀನಿ!"

"ಮೆತ್ತಗೆ ಮಾತಾಡೋ ಬೋಳಿಮಗನೇ" ಎಂದಳು ಅಜ್ಜಿ. "ಮಗು ಮಲಗಿದೆ."

ಕೆಳಗೆ ಕಾರುಗಳು ಬಂದು ನಿಂತವು. ಬೂಟಿನ ಸದ್ದು ಮೆಟ್ಟಿಲೇರಿತು. ಯಾರೋ ಹೊರಗಿನಿಂದ ಹೆಗಲು ಕೊಟ್ಟು ತಳ್ಳಿದರು, ಚಿಲಕದ ಒಂದು ಮೊಳೆ ಕಿತ್ತು ನೆಲಕ್ಕೆ ಬಿತ್ತು. ಅಜ್ಜಿ ಮಂಚದ ಕಾಲಿಗೆ ಪಾದ ಊರಿ, ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಅವಳ ಕಣ್ಣು ಕೂಸಿನ ಎದೆಯ ಮೇಲೇ ಇತ್ತು. ಅದು ಏರಿತು, ನಿಂತಿತು, ಇಳಿಯಿತು. ಬಾಗಿಲು ಮತ್ತೊಮ್ಮೆ ಅವಳ ಬೆನ್ನನ್ನು ಗುದ್ದಿತು. ಆ ಎದೆ ಮತ್ತೆ ಏರುವುದನ್ನು ಅವಳು ಕಾಯುತ್ತಿದ್ದಳು.