ವಲ್ಲಿಯ ಕೆಳಗಿನ ಕೈ

ಐವತ್ತೆಂಟನೇ ಇಸವಿಯ ಮಾತು. ನಮ್ಮ ದೊಡ್ಡಪ್ಪನ ಮಗ ಬಕ್ಕೇಶಣ್ಣ ದಾವಣಗೆರೆಯ ಹತ್ತಿ ಮಾರುಕಟ್ಟೆಯಲ್ಲಿ ದಲಾಲನಾಗಿದ್ದ. ಅಲ್ಲಿ ದರವನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ದಲಾಲ ತನ್ನ ಹೆಗಲ ವಲ್ಲಿಯನ್ನು ಖರೀದಿದಾರನ ಕೈಮೇಲೆ ಹೊದಿಸಿ, ಅದರಡಿ ಬೆರಳು ಒತ್ತಿ ತಿಳಿಸಬೇಕು. ಬಕ್ಕೇಶಣ್ಣನ ಅಂಗೈಯೋ, ಚಳಿಗಾಲದಲ್ಲೂ ಹಿಂಡದ ಬಟ್ಟೆಯ ಹಾಗೆ ತೊಟ್ಟಿಕ್ಕುತ್ತಿತ್ತು.

ಊರಲ್ಲಿ ತೋರಿಸಿದರೆ ಸುದ್ದಿಯಾಗುತ್ತದೆಂದು, ಕಾಲೇಜು ಓದುವ ನನ್ನೊಬ್ಬನನ್ನೇ ಕರೆದುಕೊಂಡು ಹರಿಹರದ ಡಾಕ್ಟರ ಹತ್ತಿರ ಹೋದ. "ಇದು ಕೆಲವರ ಮೈಗುಣ. ಗಾಬರಿಯಾದಷ್ಟೂ ಜಾಸ್ತಿ. ದಿನಾ ಪಟಿಕದ ನೀರಲ್ಲಿ ಕೈ ಅದ್ದಿಡಿ," ಅಂದರು ಅವರು. ಎರಡು ತಿಂಗಳಲ್ಲಿ ಅಂಗೈ ಆರಿತು.

"ಯಾರಿಗೂ ಹೇಳಬ್ಯಾಡಪ್ಪ," ಅಂದಿದ್ದ.

ಹೇಳಲಿಲ್ಲ, ಮಾಡಿ ತೋರಿಸಿದೆ.

ಕಸ್ತೂರಮ್ಮತ್ತೆಯ ಮಗಳ ಮದುವೆ. ಬಕ್ಕೇಶಣ್ಣ ಉಂಡು ಹೊರಟುಹೋಗಿದ್ದ. ಗೆಳೆಯರು ಯಾರದಾದರೂ ಅಣಕ ಮಾಡೆಂದು ಗಂಟುಬಿದ್ದರು. ನಾನು ತಂಬಿಗೆಗೆ ಕೈ ಅದ್ದಿ ತೆಗೆದು, ಅವನ ಮೂಗಿನ ದನಿಯಲ್ಲಿ, ಗಾಬರಿಯಾದಷ್ಟೂ ಕೈ ಬೆವರ್ತೈತ್ರಿ ಅಂತ ಡಾಕ್ಟರ ಹತ್ತಿರ ಪಟಿಕವನ್ನು ಬೇಡಿಕೊಂಡು, ವಲ್ಲಿಯಡಿ ಜಾರುವ ಬೆರಳು ಹಿಡಿಯಲು ಒದ್ದಾಡಿದೆ. "ನಮ್ಮಣ್ಣ ಬೆವರು ಸುರಿಸಿ ದುಡಿಯೋನ್ರಪ್ಪ, ಅದೂ ಅಂಗೈಯಿಂದ," ಅಂದೆ. ಎಲ್ಲರೂ ಬಿದ್ದುಬಿದ್ದು ನಕ್ಕರು. ನಕ್ಕವರಲ್ಲಿ ಹತ್ತಿ ಖರೀದಿಯ ಕೊಟ್ಟೂರಪ್ಪನವರೂ ಇದ್ದರು.

ಸೋಮವಾರ ಅವರು ಅಣ್ಣನ ಕೈ ಹಿಡಿದವರೇ, "ಏನ್ ಬಕ್ಕೇಶಪ್ಪ, ಇವತ್ತು ಪಟಿಕ ಮರ್ತ್ಯಾ? ಕೈ ಒದ್ದಿ ಐತಲ್ಲ, ರೇಟು ಸುಳ್ಳೇನು?" ಅಂದರಂತೆ, ಹತ್ತು ಜನರೆದುರು. ಆ ಗಳಿಗೆಯವರೆಗೂ ಕೈ ಒಣಗಿಯೇ ಇತ್ತು. ಆಮೇಲೆ ಇರಲಿಲ್ಲ. ಖರೀದಿದಾರರೆಲ್ಲ ಅವನ ಬೆರಳು ಬಿಟ್ಟು ಬೆವರನ್ನೇ ಓದತೊಡಗಿದರು. ತಿಂಗಳೊಳಗೆ ಅವನ ವಲ್ಲಿಯಡಿ ಕೈ ಕೊಡುವವರೇ ಇಲ್ಲದಾದರು.

ತಪ್ಪಾಯಿತು ಅನ್ನಲು ಹೋದೆ. ಹಿತ್ತಲ ಕಟ್ಟೆಯ ಮೇಲೆ, ಪಟಿಕದ ನೀರಿನ ಬೋಗುಣಿಯಲ್ಲಿ ಎರಡೂ ಕೈ ಅದ್ದಿ ಕೂತಿದ್ದ.

"ನಾಳೆಯಿಂದ ತೂಕದ ಕೆಲಸಕ್ಕೆ ಹೊಕ್ಕೀನಿ. ಅಲ್ಲಿ ಯಾರ ಕೈನೂ ಹಿಡಿಯಂಗಿಲ್ಲ," ಅಂದ. ನಾನು ಬಾಯಿ ತೆರೆಯುವುದರೊಳಗೆ, "ನಿನ್ನ ಆಟ ಊರೆಲ್ಲಾ ನೋಡೈತೆ, ನಾನೊಬ್ನೇ ನೋಡಿಲ್ಲ. ಮಾಡಿ ತೋರ್ಸು."

"ಬ್ಯಾಡಣ್ಣಾ."

"ಮಾಡು."

ಮಾಡಿದೆ. ಅಲ್ಲಿದ್ದ ತಂಬಿಗೆಗೆ ಕೈ ಅದ್ದಿ ತಟ್ಟನೆ ತೆಗೆದೆ. ಅವನು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಪಾಠ ಒಪ್ಪಿಸಿಕೊಳ್ಳುವ ಮೇಷ್ಟ್ರ ಹಾಗೆ ನೋಡಿದ.

"ದನಿ ನಂದೇ ಐತೆ. ಆದ್ರೆ ಕೈ ಅಷ್ಟು ಬೇಗ ತೆಗಿಯಂಗಿಲ್ಲೋ. ಇಪ್ಪತ್ತು ನಿಮಿಷ ಇಡಬೇಕು. ಕೂಡ್ರು."

ಬೋಗುಣಿಯನ್ನು ನನ್ನತ್ತ ಸರಿಸಿದ. ನಾನು ಕೈ ಅದ್ದಿ ಕೂತೆ.