ಏಳನೇ ಮಾಹಿತಿದಾರೆ

ನಾಲ್ಕು ವರ್ಷದ ಹಿಂದೆ, ಒಂದು ಶಾಲೆಯ ಕೈತೊಳೆಯುವ ನಲ್ಲಿಗಳ ಪಕ್ಕ ನಿಂತು, ಅಲ್ಲಿನ ಆಯಾಗೆ ನಾನು ಮಾತು ಕೊಟ್ಟೆ. "ಏನು ಗೊತ್ತಾಗುತ್ತೋ ಅದನ್ನ ಎಲ್ಲರಿಗಿಂತ ಮೊದಲು ನಿಮಗೇ ಹೇಳ್ತೀನಿ ಆಯಮ್ಮ. ನಿಮ್ಮ ಮನೆಮಾತಲ್ಲೇ ಹೇಳ್ತೀನಿ."

ಆಕೆ ಕೇಳಿದ್ದು ಒಂದೇ ಪ್ರಶ್ನೆ. ಅದೇ ಶಾಲೆಯಲ್ಲಿ ಒಂದನೇ ಕ್ಲಾಸಿಗೆ ಸೇರಿದ್ದ ಆಕೆಯ ಮಗಳು ಪಾಠದಲ್ಲಿ ಹಿಂದೆ ಬಿದ್ದಿದ್ದಳು. ಕ್ಲಾಸ್ ಟೀಚರ್ ಕರೆದು, "ಮನೆಯಲ್ಲಿ ನಿಮ್ಮ ಭಾಷೆ ಬಿಟ್ಟು ಶಾಲೆ ಭಾಷೇನೇ ಮಾತಾಡಿ, ಮಗು ಸರಿಹೋಗುತ್ತೆ" ಎಂದಿದ್ದರು. ಆಯಾಗೆ ಶಾಲೆ ಭಾಷೆ ಬರುತ್ತಿದ್ದುದು ಬಕೆಟ್ಟು, ಪೊರಕೆ, ಬೀಗದ ಕೈಯಷ್ಟರ ಮಟ್ಟಿಗೆ.

"ಬಿಡ್ಲಾ ಅಕ್ಕ, ಬೇಡ್ವಾ?"

"ಅದನ್ನ ಕಂಡುಹಿಡಿಯೋಕೇ ನಾನು ಬಂದಿರೋದು."

"ಅಲ್ಲೀತನಕ?"

"ಅಲ್ಲೀತನಕ ನಿಮಗೆ ಹೇಗೆ ಸರಿ ಅನ್ಸುತ್ತೋ ಹಾಗೆ."

ಸಂಶೋಧಕರು ಮಾಹಿತಿದಾರರ ಮೇಲೆ ಪ್ರಭಾವ ಬೀರಬಾರದು ಎಂದು ನಮಗೆ ಮೊದಲ ವಾರದಲ್ಲೇ ಕಲಿಸಿರುತ್ತಾರೆ. ಮುಳುಗುತ್ತಿರುವವರ ಬಗ್ಗೆ ದಡದಲ್ಲಿ ನಿಂತು ಬರೆದುಕೊಳ್ಳುವ ವಿದ್ಯೆ ಅದು.

ಆಯಾಳ ಮನೆಮಾತು ನನಗೆ ಬಂದದ್ದು ನನ್ನ ಅತ್ತೆಯಿಂದ. ಮದುವೆಯಾದ ಹೊಸತರಲ್ಲಿ ಬೈಸಿಕೊಂಡೂ ಬೈಸಿಕೊಂಡೂ ಕಲಿತ ಭಾಷೆಯಾದ್ದರಿಂದ ನನಗೆ ಗೊತ್ತಿದ್ದ ಪದಗಳಲ್ಲಿ ಮುಕ್ಕಾಲು ಪಾಲು ತಳ ಹಿಡಿದ ಪಾತ್ರೆಗೂ ಸೋಮಾರಿತನಕ್ಕೂ ಸೇರಿದ್ದು. ನಾನು ಬಾಯಿ ತೆರೆದಾಗಲೆಲ್ಲ ಆಯಾ ನಗುತ್ತಿದ್ದಳು. "ಅಕ್ಕ, ನೀವು ಪ್ರಶ್ನೆ ಕೇಳೋಕೆ ಬಂದಿದ್ದೀರೋ ಜಗಳಕ್ಕೆ ಬಂದಿದ್ದೀರೋ?"

ನಲವತ್ತು ಮನೆಗಳನ್ನು ಸುತ್ತಿದೆ. ನಮ್ಮ ದಾಖಲೆಗಳಲ್ಲಿ ಆಯಾಗೆ ಹೆಸರಿಲ್ಲ, ಆಕೆ 'ಮಾಹಿತಿದಾರೆ ಏಳು'. ಎರಡನೇ ವರ್ಷದ ಕೊನೆಗೆ ಫಲಿತಾಂಶ ಸಿಕ್ಕಿತು. ಮನೆಮಾತು ಬಿಡದ ಮನೆಗಳ ಮಕ್ಕಳು ಶಾಲೆ ಭಾಷೆಯಲ್ಲೂ ಮುಂದೆ ಬಂದಿದ್ದರು. ಇಷ್ಟೇ, ಒಂದು ಸಾಲು. ನಾನು ಏದುಸಿರು ಬಿಡುತ್ತಾ ನನ್ನ ಗೈಡ್ ಹತ್ತಿರ ಓಡಿದೆ. ಯಾವ ಮಾತು ಆಡಿದರೂ ಅದರ ಬಾಲಕ್ಕೆ ಇನ್ನೊಂದು ಮಾತು ಕಟ್ಟುತ್ತಿದ್ದುದರಿಂದ ಅವರಿಗೆ ಹುಡುಗರು ಇಟ್ಟಿದ್ದ ಹೆಸರು 'ಅಡಿಟಿಪ್ಪಣಿ'.

"ಅವರಿಗೆ ಹೇಳಿಬಿಡ್ಲಾ ಸರ್?"

"ಹೇಳಬೇಕಾದದ್ದೇ. ಆದರೆ ಮೂರನೇ ಸುತ್ತು ಬಾಕಿ ಇದೆಯಲ್ಲಮ್ಮ. ಈಗ ಹೇಳಿದ್ರೆ ಬಿಟ್ಟವರೆಲ್ಲ ಮತ್ತೆ ಮಾತಾಡೋಕೆ ಶುರುಮಾಡ್ತಾರೆ. ಆಮೇಲೆ ಹೋಲಿಕೆಗೆ ಯಾರನ್ನ ಇಟ್ಕೊಳ್ತೀರಿ?"

ನಾನು ಬಾಯಿ ಹೊಲಿದುಕೊಂಡೆ. ಮನೆಯಲ್ಲಿ ಎರಡು ಮಕ್ಕಳು, ಪಾಳಿ ಕೆಲಸದ ಗಂಡ, ಕೈಯಲ್ಲಿ ಮುಗಿಯದ ಪ್ರಬಂಧ. ನೆಪಗಳಿಗೇನೂ ಬರವಿರಲಿಲ್ಲ. ಮೂರನೇ ಸುತ್ತಿಗೆ ಹೋದಾಗ ಆಯಾ ಮನೆಮಾತು ಬಿಟ್ಟು ಮೂರು ತಿಂಗಳಾಗಿತ್ತು. "ಟೀಚರ್ ಮತ್ತೆ ಗದರಿದ್ರು ಅಕ್ಕ. ಈಗ ಮಗಳ ಹತ್ರ ಕೆಲಸದ ಮಾತು ಮಾತ್ರ ಆಡ್ತೀನಿ. ಮಿಕ್ಕಿದ್ದನ್ನ ನುಂಗಿಕೊಳ್ತೀನಿ" ಎಂದಳು. ಅದನ್ನು ಅಕ್ಷರ ಬಿಡದೆ ಬರೆದುಕೊಂಡೆ. ಏಳನೇ ಮನೆಯನ್ನು ಒಂದು ಕಾಲಂನಿಂದ ಇನ್ನೊಂದಕ್ಕೆ ಸರಿಸಿದೆ. ಆ ಕಾಲಂನಲ್ಲಿ ಮನೆಗಳು ಕಮ್ಮಿಯಿದ್ದವು, ಅನುಕೂಲವೇ ಆಯಿತು.

ಆಮೇಲೆ ಬಂತು ಸಮ್ಮೇಳನ. ನಮ್ಮ ವಿಭಾಗದ ಸಂಶೋಧನಾ ವಿದ್ಯಾರ್ಥಿಗಳೇ ಸೇರಿ ನಡೆಸಬೇಕೆಂದು ಅಪ್ಪಣೆಯಾಯಿತು. ಜೆರಾಕ್ಸ್ ಯಂತ್ರದ ಹಿಂದಿನ ಕೋಣೆಯಲ್ಲಿ, ಕಾಲು ಮುರಿದ ಕುರ್ಚಿಯನ್ನು ಯಾರಿಗೆ ದಾಟಿಸುವುದೆಂದು ನೋಡುತ್ತಾ, ನಾವು ಹನ್ನೊಂದು ಸಭೆ ಮಾಡಿದೆವು. ಮೊದಲ ನಾಲ್ಕು ಸಭೆಗಳು ಶೀರ್ಷಿಕೆಗೇ ಹೋದವು. 'ದ್ವಿಭಾಷಾ ಶಿಕ್ಷಣ: ದನಿಗಳು, ದಾರಿಗಳು' ಎಂಬಲ್ಲಿಗೆ ಎಲ್ಲರೂ ಒಪ್ಪಿದ್ದರು. ಮೂರನೆಯ ಪದ ದಿಗಂತಗಳೋ ದ್ವಂದ್ವಗಳೋ ಎಂಬುದಕ್ಕೆ ಇಬ್ಬರು ಮಾತು ಬಿಟ್ಟರು, ಒಬ್ಬಳು ಅತ್ತಳು. ದಿಗಂತಗಳು ಗೆದ್ದವು.

ಬ್ಯಾನರಿನ ಮೇಲೆ ಹನ್ನೊಂದು ಭಾಷೆಗಳಲ್ಲಿ 'ಸ್ವಾಗತ' ಬರೆಸಿದೆವು. ನಿಯಮಾವಳಿಯ ನಾಲ್ಕನೇ ನಿಯಮದಲ್ಲಿ, ಪ್ರಬಂಧಗಳನ್ನು ಶಾಲೆ ಭಾಷೆಯಲ್ಲಿ ಮಾತ್ರ ಮಂಡಿಸತಕ್ಕದ್ದು ಎಂದು ಬರೆದೆವು. ಎರಡನ್ನೂ ಬರೆದವನು ಒಬ್ಬನೇ, ಸಮಿತಿಯ ಕಾರ್ಯದರ್ಶಿ. ಅವನನ್ನು ನಾವು 'ಟೆಂಪ್ಲೇಟ್' ಅನ್ನುತ್ತಿದ್ದೆವು. ಅವನ ಕಂಪ್ಯೂಟರಿನಲ್ಲಿ ಅಭಿನಂದನೆಗೂ ಸಂತಾಪಕ್ಕೂ ಸಿದ್ಧ ನಮೂನೆಗಳಿದ್ದವು. ಹೆಸರಿನ ಜಾಗ ಮಾತ್ರ ಖಾಲಿ.

"ನನ್ನ ಮಂಡನೆ ದಿನ ಆಯಾನ ಕರೆಸ್ತೀನಿ. ಮೊದಲ ಎರಡು ನಿಮಿಷ ಅವರ ಮಾತಲ್ಲೇ ಹೇಳ್ತೀನಿ. ಆಮೇಲೆ ನಿಮ್ಮ ನಿಯಮದ ಪ್ರಕಾರವೇ ಮುಂದುವರಿಸ್ತೀನಿ" ಎಂದೆ.

ಟೆಂಪ್ಲೇಟ್ ಪೆನ್ನು ಕೆಳಗಿಟ್ಟ. "ಯಾವ ಆಯಾ?"

"ಮಾಹಿತಿದಾರೆ ಏಳು."

"ಅಕ್ಕಾ! ನಿಮಗೆ ತಲೆ ನೆಟ್ಟಗಿದೆಯಾ? ಗೋಪ್ಯತೆ! ಅವರ ಗುರುತು ಹೊರಗೆ ಬೀಳಲ್ಲ ಅಂತ ನೀವೇ ಸಹಿ ಹಾಕಿದ್ದೀರಿ."

"ಅವರ ಮನೆ ವಿಷಯ ಅವರಿಗೇ ಹೇಳೋಕೆ ಎಂಥ ಗೋಪ್ಯತೆಯೋ?"

"ಹೇಳಿ, ಯಾರು ಬೇಡ ಅಂದ್ರು? ಅದು ಅವರೇ ಅಂತ ಗೊತ್ತಾಗದ ಹಾಗೆ ಹೇಳಿ."

ಜಗಳ ಗೈಡ್ ತನಕ ಹೋಯಿತು. ಅವರು ಕನ್ನಡಕ ಒರೆಸಿಕೊಂಡು ಇಬ್ಬರೂ ಸರಿ ಎಂದರು. ಆಯಾ ಬರಬಹುದು, ಮೊದಲ ಸಾಲಿನಲ್ಲೇ ಕೂರಬಹುದು. ಆದರೆ ಕೊರಳಿಗೆ ಹಾಕುವ ಗುರುತಿನ ಚೀಟಿಯಲ್ಲಿ ಹೆಸರಿರಕೂಡದು.

ಅದಕ್ಕೂ ಮುಂಚೆ ಒಂದು ಸಂಜೆ ಆಕೆಯ ಮನೆಗೆ ಹೋಗಿ ಆ ಒಂದು ಸಾಲನ್ನು ಹೇಳಿ ಬರಬಹುದಿತ್ತು. ಎರಡು ಬಸ್ಸಿನ ದಾರಿ ಅಷ್ಟೆ. ಆದರೆ ತುಂಬಿದ ಸಭೆಯಲ್ಲಿ ಆಕೆಯನ್ನು ಎದುರಿಗೆ ಕೂರಿಸಿಕೊಂಡು, ಆಕೆಯ ಮಾತಿನಲ್ಲೇ ಶುರುಮಾಡಿ, ಎಲ್ಲರ ಹುಬ್ಬು ಮೇಲೇರುವುದನ್ನು ನೋಡಬೇಕೆಂದು ನನಗೆ ಆಸೆಯಿತ್ತು. ಆಸೆ ಎಂದು ಬರೆದಿದ್ದೇನೆ, ಮೆರೆಯುವ ಚಪಲ ಎಂದು ಓದಿಕೊಂಡರೂ ತಪ್ಪಿಲ್ಲ.

ಸಮ್ಮೇಳನದ ದಿನ ಆಯಾ ಹತ್ತು ವರ್ಷದ ಮಗಳ ಕೈಹಿಡಿದು ಬಂದಳು. ಇಸ್ತ್ರಿ ಮಾಡಿದ ಬಟ್ಟೆ, ಎಣ್ಣೆ ಹಚ್ಚಿ ಬಾಚಿದ ತಲೆ. ಟೆಂಪ್ಲೇಟ್ ವಿನಯದಿಂದ ಬಗ್ಗಿ ಆಕೆಯ ಕೊರಳಿಗೆ ಚೀಟಿ ಹಾಕಿದ. ಅದರಲ್ಲಿ ದಪ್ಪ ಅಕ್ಷರಗಳಲ್ಲಿ ಹೀಗಿತ್ತು: 'ಮಾಹಿತಿದಾರೆ ೭. ಗೋಪ್ಯ.'

"ಹೆಸರಿಲ್ಲ ನೋಡಿ ಅಕ್ಕ" ಎಂದ ನನಗೆ, ಹೆಮ್ಮೆಯಿಂದ.

ಹೆಸರಿದ್ದಿದ್ದರೆ ಆಕೆ ಯಾರೆಂದು ಒಂದು ನರಪಿಳ್ಳೆಗೂ ತಿಳಿಯುತ್ತಿರಲಿಲ್ಲ. ಈಗ ಚಹಾದ ಮೇಜಿನ ಬಳಿ ಜನ ಮುತ್ತಿದರು. ಫಲಿತಾಂಶ ಬಿಟ್ಟು ಬರೆದು ಹಿಂದಿನ ವರ್ಷ ಅಚ್ಚು ಹಾಕಿಸಿದ್ದ ನನ್ನ ಲೇಖನವನ್ನು ಓದದವರೂ ಅದರಲ್ಲಿದ್ದ ಏಳನೆಯವಳ ಮಾತನ್ನು ಓದಿದ್ದರು. ಒಬ್ಬ ಪ್ರಾಧ್ಯಾಪಕಿ ಆಕೆಯ ಎರಡೂ ಕೈ ಹಿಡಿದುಕೊಂಡು, "ಮಿಕ್ಕಿದ್ದನ್ನು ನುಂಗಿಕೊಳ್ಳುತ್ತೇನೆ! ಅಬ್ಬಾ, ಎಂಥ ಮಾತು! ನಾನು ಈ ವರ್ಷವೆಲ್ಲ ಇದನ್ನೇ ಪಾಠ ಮಾಡಿದ್ದೀನಿ" ಎಂದರು, ಶಾಲೆ ಭಾಷೆಯಲ್ಲಿ. ತನ್ನದೇ ಮಾತು ಅರ್ಥವಾಗದೆ ಆಯಾ ನಕ್ಕಳು.

"ಏನಂತಾರೆ ಅಕ್ಕ ಇವರು?"

"ಚೆನ್ನಾಗಿ ಹೇಳಿದ್ದೀರಂತೆ."

"ನಾನೇನು ಹೇಳ್ದೆ?"

ಅಷ್ಟರಲ್ಲಿ ಗಂಟೆ ಹೊಡೆಯಿತು. ಆಯಾ ಮೊದಲ ಸಾಲಿನ ಕುರ್ಚಿ ತೋರಿಸಿ ಮಗಳಿಗೆ ಶಾಲೆ ಭಾಷೆಯಲ್ಲಿ "ಕೂರು" ಎಂದಳು. ಸ್ವಲ್ಪ ಹೊತ್ತಿಗೆ "ಸುಮ್ಮನೆ" ಎಂದಳು. ಮಗಳು ಏನೋ ಉದ್ದಕ್ಕೆ ಕೇಳಿದಳು. ಆಯಾ ತಲೆ ಸವರಿದಳು.

ನನಗಿಂತ ಮೊದಲು ಮುಖ್ಯ ಅತಿಥಿಯ ಭಾಷಣವಿತ್ತು. ವಿಷಯ, ತಂದೆತಾಯಿಯರ ಮಾತಿಗೆ ಕಿವಿಗೊಡುವುದು ಹೇಗೆ. ನಲವತ್ತು ನಿಮಿಷದ ಭಾಷಣ ಒಂದು ಗಂಟೆ ಹತ್ತು ನಿಮಿಷವಾಯಿತು. ಅಧ್ಯಕ್ಷರು ಮುಂದಿಟ್ಟ 'ಸಮಯ ಮುಗಿಯಿತು' ಚೀಟಿಯನ್ನು ಆತ ತಮ್ಮ ನೀರಿನ ಲೋಟಕ್ಕೆ ಮುಚ್ಚಳ ಮಾಡಿಕೊಂಡರು. ನನ್ನ ಇಪ್ಪತ್ತು ನಿಮಿಷದಲ್ಲಿ ಉಳಿದದ್ದು ನಾಲ್ಕು.

ವೇದಿಕೆಯ ಮೆಟ್ಟಿಲಿನ ಹತ್ತಿರ ಗೈಡ್ ನನ್ನನ್ನು ತಡೆದರು. "ಆ ಎರಡು ನಿಮಿಷ ಕೈಬಿಡಿ. ನೇರ ಫಲಿತಾಂಶಕ್ಕೆ ಹೋಗಿ."

"ಸರ್, ಅವರಿಗೋಸ್ಕರ..."

"ಮುಖ್ಯ ಅತಿಥಿಗಳೇ ನಿಮ್ಮ ಪ್ರಬಂಧದ ಪರೀಕ್ಷಕರು. ಗೊತ್ತಲ್ಲ? ಅವರಿಗೆ ಅರ್ಥವಾಗದ ಭಾಷೇಲಿ ಅರ್ಧ ಸಮಯ ಕಳೆದ್ರೆ ಏನು ಬರೀತಾರೆ ನಿಮ್ಮ ಬಗ್ಗೆ? ಆಯಮ್ಮಂಗೆ ಆಮೇಲೆ ನಿಧಾನವಾಗಿ ಹೇಳಿದ್ರಾಯ್ತು. ಅವರೇನು ಓಡಿಹೋಗ್ತಾರಾ?"

ಮೈಕಿನ ಮುಂದೆ ನಿಂತೆ. ಎದುರಿಗೆ ಆಯಾ ಬೆನ್ನು ನೆಟ್ಟಗೆ ಮಾಡಿಕೊಂಡು, ತನ್ನ ಮಾತು ಬರುತ್ತದೆಂದು ಕಾದು ಕೂತಿದ್ದಳು. ಆಕೆಯ ಪಕ್ಕದ ಕುರ್ಚಿಯಲ್ಲೇ ಪರೀಕ್ಷಕರು ಕೈಗಡಿಯಾರ ನೋಡಿಕೊಂಡರು. ಆರು ವರ್ಷದ ಪ್ರಬಂಧ, ಮಕ್ಕಳನ್ನು ಮಲಗಿಸಿ ಬರೆದ ಮುನ್ನೂರು ಪುಟ, 'ಯಾವತ್ತು ಮುಗಿಯುತ್ತೆ ನಿನ್ನ ಓದು' ಎಂಬ ಅತ್ತೆಯ ಪ್ರಶ್ನೆ, ಎಲ್ಲ ಒಟ್ಟಿಗೆ ನೆನಪಿಗೆ ಬಂದವು.

"ಮಾನ್ಯರೇ" ಎಂದೆ, ಶಾಲೆ ಭಾಷೆಯಲ್ಲಿ.

ಮೂರು ನಿಮಿಷ ಐವತ್ತು ಸೆಕೆಂಡಿಗೆ ಮುಗಿಸಿದೆ. ಮನೆಮಾತು ಬಿಡಬಾರದು ಎಂಬ ಸಾಲು ಪರದೆಯ ಮೇಲೆ ಬಂದಾಗ ನೂರ ಅರವತ್ತು ಜನ ಅದನ್ನು ಬರೆದುಕೊಂಡರು. ಪರೀಕ್ಷಕರು ತಲೆಯಾಡಿಸಿದರು. ಚಪ್ಪಾಳೆ ಬಿತ್ತು. ಆಯಾನೂ ತಟ್ಟಿದಳು, ಎಲ್ಲರಿಗಿಂತ ಜೋರಾಗಿ.

ಹೊರಗೆ ಪಡಸಾಲೆಯಲ್ಲಿ, ಚೀಟಿಯನ್ನು ಕೊರಳಿಂದ ತೆಗೆದು ನನ್ನ ಕೈಗೆ ಕೊಡುತ್ತಾ ಆಕೆ ಕೇಳಿದಳು.

"ಚೆನ್ನಾಗಿ ಮಾತಾಡಿದ್ರಿ ಅಕ್ಕ. ನಂಗೊಂದೂ ತಿಳೀಲಿಲ್ಲ. ಎಲ್ರೂ ಬರ್ಕೊಂಡ್ರು, ಏನದು? ನಾನು ಬಿಟ್ಟಿದ್ದು ಸರಿಯಾಯ್ತಾ?"

"ಬಿಡಬಾರದಿತ್ತು ಆಯಮ್ಮ" ಎಂದೆ, ಅತ್ತೆಯ ಮಾತಿನಲ್ಲಿ. ಆ ಭಾಷೆ ನನ್ನ ಬಾಯಲ್ಲಿ ಗದರಿದ ಹಾಗೆಯೇ ಕೇಳಿಸಿತು.

ಆಕೆ ಈ ಸಲ ನಗಲಿಲ್ಲ. "ಯಾವಾಗ ಗೊತ್ತಾಯ್ತು ನಿಮಗೆ?"

"ಎರಡು ವರ್ಷ ಆಯ್ತು."

"ನಾನಿನ್ನೂ ಬಿಟ್ಟಿರಲಿಲ್ಲ ಆವಾಗ."

"ಹೌದು."

ಆಕೆ ಮಗಳ ಕಡೆ ತಿರುಗಿದಳು. "ಬಾ. ಮನೆ" ಎಂದಳು, ಶಾಲೆ ಭಾಷೆಯಲ್ಲಿ. ಇಬ್ಬರೂ ಗೇಟಿನ ಕಡೆ ನಡೆದರು.

ಆಕೆಗಿಂತ ಮೊದಲು ನೂರ ಅರವತ್ತು ಜನರಿಗೆ ಹೇಳಿದ್ದೆ. ಕೊಟ್ಟ ಮಾತು ಮುರಿದೆ.